ಮನೆಮಂದಿಗೆಲ್ಲ ಒಂದೇ ಸೂಪರ್‌ಹೀರೋ ಪಿಕ್ಚರ್: ಯಾವುದು ಹಾಕೋಣ?

ದೀಪಾವಳಿ ರಜೆ ಬಂತು ಅಂದ್ರೆ ಮುಂಬಯಿಯ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಊರಿನಿಂದ ಅಜ್ಜಿ ಬಂದಿರುತ್ತಾರೆ. ಮನೆಯಲ್ಲಿ ಎಂಟು ವರ್ಷದ ಮಗಳು, ಹದಿನಾಲ್ಕರ ಮಗ. ಎಲ್ಲರಿಗೂ ಇರುವುದು ಒಂದೇ ಟಿವಿ. ಮಕ್ಕಳಿಗೆ ಸೂಪರ್‌ಹೀರೋ ಬೇಕು, ಅದೂ ಒಬ್ಬನಲ್ಲ, ಇಡೀ ಗ್ಯಾಂಗ್ ಬೇಕು. ಅಪ್ಪ ಅಮ್ಮನಿಗೆ ನಗಿಸುವಂಥದ್ದು ಬೇಕು. ಅಜ್ಜಿಗೆ ಏನು ನಡೀತಿದೆ ಅಂತ ಗೊತ್ತಾದರೆ ಸಾಕು.

ಕಾಮಿಕ್ಸ್‌ನಿಂದ ಬಂದ, ತಂಡದ ಕಥೆ ಹೇಳುವ, ಹಗುರ ಮನಸ್ಸಿನ ಪಿಕ್ಚರ್‌ಗಳು ಈಗ ಬೇಕಾದಷ್ಟಿವೆ. ಪೋಸ್ಟರ್ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ನೋಡಲು ಕೂತ ಮೇಲೆ ಗೊತ್ತಾಗುತ್ತದೆ, ಒಂದು ಎಂಟು ವರ್ಷದವಳಿಗೆ, ಇನ್ನೊಂದು ಹದಿನೆಂಟು ದಾಟಿದವರಿಗೆ ಅಂತ. ಹಾಗಾಗಿ ಹೆಸರುಗಳಿಗೆ ಹೋಗುವ ಮೊದಲು ಯಾವುದನ್ನು ನೋಡಿ ಆರಿಸಬೇಕು ಅನ್ನೋದನ್ನು ಹೇಳುತ್ತೇನೆ.

ಮೊದಲು ನೋಡಬೇಕಾದ್ದು

ನನ್ನ ಮಟ್ಟಿಗೆ ಮುಖ್ಯವಾದದ್ದು, ನಗು ಎಲ್ಲಿಂದ ಬರುತ್ತದೆ ಅನ್ನೋದು. ಮಾತಿನಿಂದ ಬರುವ ನಗು ಡಬ್ಬಿಂಗ್‌ನಲ್ಲಿ ಅರ್ಧ ಸೋರಿಹೋಗುತ್ತದೆ. ಸಬ್‌ಟೈಟಲ್ ಓದುವಷ್ಟರಲ್ಲಿ ಉಳಿದರ್ಧವೂ ಹೋಗುತ್ತದೆ. ಒಬ್ಬ ಏನೋ ಹೇಳುತ್ತಿರುವಾಗ ಹಿಂದೆ ಇನ್ನೊಬ್ಬ ಮಾಡುವ ಎಡವಟ್ಟಿಗೆ ಮಾತ್ರ ಭಾಷೆ ಬೇಡ. ಮೂರು ತಲೆಮಾರು ಒಟ್ಟಿಗೆ ನೋಡುವ ಮನೆಗೆ ಇಂಥ ನಗುವೇ ಬೇಕು.

ಎರಡನೆಯದು, ಸಾವು ಎಲ್ಲಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಗುರ ಅಂತ ಹೆಸರಾದ ಈ ಪಿಕ್ಚರ್‌ಗಳಲ್ಲಿ ಹೆಚ್ಚಿನವು ಶುರುವಾಗುವುದೇ ಮನೆಯವರನ್ನು ಕಳೆದುಕೊಂಡ ಮಗುವಿನಿಂದ. ಸರ್ಟಿಫಿಕೇಟ್ ನೋಡಿದರೆ ಇದು ಗೊತ್ತಾಗದು. ಯುಎ ಅನ್ನೋದನ್ನು ಈಗ 7+, 13+, 16+ ಅಂತ ಮೂರು ಮಾಡಿದ್ದಾರೆ, ಒಟಿಟಿಯಲ್ಲೂ ಹಾಗೇ ಬರುತ್ತದೆ. ಹೊಡೆದಾಟ, ಬೈಗುಳ ಎಷ್ಟಿದೆ ಅಂತ ಅಂದಾಜು ಮಾಡಲು ಅದು ನಿಜಕ್ಕೂ ಉಪಯೋಗ. ಆದರೆ ಇತ್ತೀಚೆಗೆ ಅಜ್ಜನನ್ನು ಕಳೆದುಕೊಂಡ ಮಗು ಪಕ್ಕದಲ್ಲಿ ಕೂತಿದ್ದರೆ ಆ ನಂಬರ್ ಏನೂ ಹೇಳುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಹಿಂದಿನ ಕಥೆ ಗೊತ್ತಿರಬೇಕಾ ಅನ್ನೋದು ಮೂರನೆಯದು. ಉಳಿದದ್ದು ಭಾಷೆ, ಸಮಯ, ದುಡ್ಡು. ಮುಂಬಯಿಯಲ್ಲಿ ಈ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ಕೊನೆಗೆ ನೋಡೋಣ.

ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ

ಜೇಮ್ಸ್ ಗನ್ ನಿರ್ದೇಶಿಸಿದ 2014ರ ಪಿಕ್ಚರ್. ಅವಧಿ 121 ನಿಮಿಷ. ಒಂದೇ ಹೆಸರು ಹೇಳಿ ಅಂದ್ರೆ ನಾನು ಇದನ್ನೇ ಹೇಳುತ್ತೇನೆ. ಈ ಹೆಸರಿನ ತಂಡ ಕಾಮಿಕ್ಸ್‌ಗೆ ಬಂದದ್ದು 1969ರಲ್ಲಿ. ಸಿನಿಮಾದಲ್ಲಿ ಕಾಣುವುದು 2008ರಲ್ಲಿ ಹೊಸದಾಗಿ ಕಟ್ಟಿದ ತಂಡ. ಪಿಕ್ಚರ್ ಬರುವ ಮೊದಲು ಇವರ ಹೆಸರು ಕೇಳಿದವರೇ ಕಡಿಮೆ. ಅದರಿಂದ ನಮಗೆ ಒಳ್ಳೆಯದೇ ಆಯಿತು, ಯಾರಿಗೂ ಏನೂ ಗೊತ್ತಿರಬೇಕಾಗಿಲ್ಲ. ಐದು ಜನ. ಒಬ್ಬ ಕಳ್ಳ, ಒಬ್ಬಳು ಕೊಲೆಗಾತಿ, ಸೇಡಿಗೆ ಕಾದಿರುವ ಒಬ್ಬ ದಾಂಡಿಗ, ಬಂದೂಕು ಹಿಡಿದು ಮಾತಾಡುವ ಒಂದು ರಕೂನ್, ಒಂದು ನಡೆಯುವ ಮರ. ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲ.

ಜೈಲಿನ ದೃಶ್ಯ ಒಂದನ್ನು ನೋಡಿದರೆ ಸಾಕು. ರಕೂನ್ ರಾಕೆಟ್ ಉಳಿದವರಿಗೆ ತಪ್ಪಿಸಿಕೊಳ್ಳುವ ಪ್ಲಾನ್ ಹೇಳುತ್ತಿದೆ. ಕಾವಲುಗಾರನ ಕೈಪಟ್ಟಿ ಬೇಕು, ಅಲ್ಲಿರುವ ಕೈದಿಯ ಕೃತಕ ಕಾಲು ಬೇಕು, ಆ ಕಂಬದ ಮೇಲಿನ ಬ್ಯಾಟರಿ ಬೇಕು. ಬ್ಯಾಟರಿ ಕಿತ್ತ ಕೂಡಲೇ ಅಲಾರಂ ಹೊಡೆಯುತ್ತದೆ, ಹಾಗಾಗಿ ಅದು ಕೊನೆಗೆ ಅಂತ ಒತ್ತಿ ಹೇಳುತ್ತದೆ. ಮಾತು ಮುಗಿದಿಲ್ಲ, ಹಿಂದೆ ಮರದ ಮನುಷ್ಯ ಗ್ರೂಟ್ ಸದ್ದಿಲ್ಲದೆ ಉದ್ದ ಬೆಳೆದು ಬ್ಯಾಟರಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಅಲಾರಂ! ಇದಕ್ಕೆ ಯಾವ ಡಬ್ಬಿಂಗ್ ಬೇಕು ಹೇಳಿ? ಆಮೇಲೆ ಆ ಕೃತಕ ಕಾಲು ಬೇಕೇ ಇರಲಿಲ್ಲ, ಸುಮ್ನೆ ತಮಾಷೆಗೆ ಕೇಳಿದ್ದು ಅಂತ ರಾಕೆಟ್ ಹೇಳುವಾಗ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಗ್ರೂಟ್‌ಗಂತೂ ಬರುವುದು ಒಂದೇ ವಾಕ್ಯ, ತನ್ನ ಹೆಸರು. ಅಜ್ಜಿ ಹತ್ತು ನಿಮಿಷದಲ್ಲಿ ಅವನನ್ನು ತನ್ನವನನ್ನಾಗಿ ಮಾಡಿಕೊಳ್ಳುತ್ತಾರೆ.

ಇದರಲ್ಲೂ ಸಾವಿದೆ. ಮೊದಲ ದೃಶ್ಯವೇ ಆಸ್ಪತ್ರೆ. 1988ರಲ್ಲಿ ಚಿಕ್ಕ ಹುಡುಗನ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಳ್ಳುತ್ತಾಳೆ, ಕೈ ಚಾಚುತ್ತಾಳೆ, ಅವನು ಮುಖ ತಿರುಗಿಸಿಕೊಳ್ಳುತ್ತಾನೆ. ಮನೆಯಲ್ಲಿ ಅಂಥ ನೋವು ಹಸಿಯಾಗಿದ್ದರೆ ಆ ನಾಲ್ಕು ನಿಮಿಷ ಕಷ್ಟ. ಆದರೆ ಅದನ್ನು ದಾಟಿಸಿಬಿಟ್ಟು ನೋಡಬೇಡಿ. ಅಮ್ಮ ಕೊಟ್ಟ ಹಾಡುಗಳ ಕ್ಯಾಸೆಟ್ ಕಥೆಯುದ್ದಕ್ಕೂ ಬರುತ್ತದೆ, ಕೊನೆಗೆ ಆ ಚಾಚಿದ ಕೈಯೂ ಬರುತ್ತದೆ. ಹತ್ತು ದಾಟಿದ ಮಕ್ಕಳಿಗೆ ಧೈರ್ಯವಾಗಿ ಹಾಕಿ. ಎಂಟರವಳ ಪಕ್ಕದಲ್ಲಿ ನೀವೂ ಕೂತಿರಿ. ಇಂಟರ್ವಲ್ ಬೇಕಿದ್ದರೆ ಜೈಲಿನಿಂದ ಹೊರಬಿದ್ದ ಮೇಲೆ ನಿಲ್ಲಿಸಿ, ಅಲ್ಲಿ ಕಥೆ ಸರಿಯಾಗಿ ಉಸಿರು ತೆಗೆದುಕೊಳ್ಳುತ್ತದೆ.

2017ರ ಎರಡನೆಯ ಭಾಗ ಸ್ವಲ್ಪ ಉದ್ದ, ಆದರೂ ಮಜಾ ಇದೆ. 2023ರ ಮೂರನೆಯ ಭಾಗವನ್ನು ಮಾತ್ರ ಇದೇ ಸಾಲಿಗೆ ಸೇರಿಸಬೇಡಿ. ಎರಡೂವರೆ ಗಂಟೆ ಇದೆ. ಪ್ರಾಣಿಗಳನ್ನು ಪಂಜರದಲ್ಲಿ ಹಾಕಿ ಪ್ರಯೋಗ ಮಾಡುವ ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ. ಮೂರು ಭಾಗಗಳಲ್ಲಿ ನನಗೆ ತುಂಬ ಹಿಡಿಸಿದ್ದು ಈ ಭಾಗವೇ, ಆದರೆ ಪ್ರಾಣಿ ಅಂದ್ರೆ ಜೀವ ಬಿಡುವ ಚಿಕ್ಕ ಮಕ್ಕಳಿಗೆ ಅದು ಬೇಡ.

ಬಿಗ್ ಹೀರೋ 6

ಮನೆಯಲ್ಲಿ ಐದಾರು ವರ್ಷದವರಿದ್ದರೆ ನೇರ ಇಲ್ಲಿಗೆ ಬನ್ನಿ. ಇದೂ 2014ರದ್ದೇ, ಡಿಸ್ನಿಯ ಆನಿಮೇಶನ್, 102 ನಿಮಿಷ. ಅತ್ಯುತ್ತಮ ಆನಿಮೇಶನ್ ಚಿತ್ರಕ್ಕೆ ಆಸ್ಕರ್ ಬಂದಿದೆ. ಮೂಲ ಮಾರ್ವೆಲ್ ಕಂಪನಿಯ ಕಾಮಿಕ್ಸ್, ಆದರೆ ಅದರಿಂದ ಹೆಸರು ಬಿಟ್ಟರೆ ತೆಗೆದುಕೊಂಡದ್ದು ಕಡಿಮೆ.

ಇಲ್ಲಿ ಹೀರೋ ಅಂದ್ರೆ ಗಾಳಿ ತುಂಬಿದ ಬಿಳಿ ರೋಬೋ, ಬೇಮ್ಯಾಕ್ಸ್. ಅವನ ಕೆಲಸ ಶುಶ್ರೂಷೆ. ಪೊಲೀಸ್ ಠಾಣೆಯ ದೃಶ್ಯ ನೋಡಿ. ಹಿರೋ ಅನ್ನೋ ಹುಡುಗ ಗಾಬರಿಯಿಂದ ದೂರು ಹೇಳುತ್ತಿರುತ್ತಾನೆ. ಪಕ್ಕದಲ್ಲಿ ಬೇಮ್ಯಾಕ್ಸ್ ಮೈಯಿಂದ ಪುಸ್ಸಂತ ಗಾಳಿ ಸೋರುತ್ತಿರುತ್ತದೆ. ಅವನು ನಿಧಾನವಾಗಿ ಪೊಲೀಸಪ್ಪನ ಮೇಜಿನ ಮೇಲಿನ ಟೇಪು ಹರಿದು ಹರಿದು ತೂತಿಗೆ ಅಂಟಿಸಿಕೊಳ್ಳುತ್ತಾನೆ. ಒಂದು ಮಾತೂ ಅರ್ಥವಾಗದವರೂ ನಗುತ್ತಾರೆ. ಆಮೇಲೆ ಬ್ಯಾಟರಿ ಇಳಿದು ಕುಡಿದವನ ಹಾಗೆ ತೂರಾಡುತ್ತಾ ಮನೆಗೆ ಬರುವುದಂತೂ ಚಿಕ್ಕವರಿಗೆ ಹಬ್ಬ.

ಇಲ್ಲಿ ಸಾಯುವುದು ಹಿರೋನ ಅಣ್ಣ. ಮೊದಲ ಅರ್ಧ ಗಂಟೆಯೊಳಗೆ, ಬೆಂಕಿಯಲ್ಲಿ. ತೋರಿಸುವುದು ತುಂಬ ಜೋಪಾನವಾಗಿ. ಇಡೀ ಕಥೆ ಆ ದುಃಖವನ್ನು ಹೇಗೆ ದಾಟುವುದು ಅನ್ನೋದರ ಬಗ್ಗೆಯೇ ಇದೆ. ನನ್ನ ಪ್ರಕಾರ, ಸಾವಿನ ಬಗ್ಗೆ ಮಗುವಿನ ಜೊತೆ ಮಾತಾಡಬೇಕಾದ ಮನೆಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ತಂಡದ ಉಳಿದ ನಾಲ್ವರು ಮಾತ್ರ ಸ್ವಲ್ಪ ತೆಳು. ಅವರ ಹೆಸರು ಮರುದಿನಕ್ಕೆ ನೆನಪಿರುವುದಿಲ್ಲ. ಹದಿನಾಲ್ಕರ ಮಗನಿಗೆ ಇದು ಚಿಕ್ಕ ಮಕ್ಕಳದ್ದು ಅನ್ನಿಸಬಹುದು.

ಸ್ಪೈಡರ್ ತಂಡ, ನಮ್ಮ ಊರಿನ ಹುಡುಗನೂ ಸೇರಿ

ಹದಿಹರೆಯದವರಿಗೆ ನನ್ನ ಆಯ್ಕೆ ಸ್ಪೈಡರ್-ವರ್ಸ್ ಅನ್ನೋ ಆನಿಮೇಶನ್ ಸರಣಿ. 2018ರ ಮೊದಲ ಭಾಗ ಇಂಟು ದ ಸ್ಪೈಡರ್-ವರ್ಸ್ 117 ನಿಮಿಷ, ಅದಕ್ಕೂ ಆಸ್ಕರ್ ಬಂದಿದೆ. ಬೇರೆ ಬೇರೆ ಲೋಕಗಳ ಆರು ಸ್ಪೈಡರ್‌ಗಳು ಒಂದು ತಂಡ ಆಗುತ್ತವೆ, ಅದರಲ್ಲಿ ಒಂದು ಹಂದಿ! ಕಾಮಿಕ್ಸ್ ಪುಟವೇ ಎದ್ದು ಓಡುತ್ತಿದೆ ಅನ್ನಿಸುವ ಚಿತ್ರಗಳು. ಒಂದು ಸೂಕ್ಷ್ಮ ಗಮನಿಸಿ: ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್‌ನನ್ನು ಸೆಕೆಂಡಿಗೆ 12 ಚಿತ್ರಗಳಲ್ಲಿ ಚಲಿಸುವಂತೆ ಮಾಡಿದ್ದಾರೆ, ಪಳಗಿದ ಸ್ಪೈಡರ್‌ಮ್ಯಾನ್ ಪೀಟರ್‌ನನ್ನು 24ರಲ್ಲಿ. ಅದಕ್ಕೇ ಕಾಡಿನಲ್ಲಿ ಇಬ್ಬರೂ ಜೊತೆಗೆ ಜೋತಾಡುವಾಗ ಮೈಲ್ಸ್ ತಡವರಿಸಿದ ಹಾಗೆ ಕಾಣುತ್ತಾನೆ. ಚಿತ್ರ ಬಿಡಿಸುವ ಮಗ ಮಗಳು ಇದ್ದರೆ ಇದನ್ನು ಹೇಳಿ ನೋಡಿಸಿ.

2023ರ ಎರಡನೆಯ ಭಾಗ ಅಕ್ರಾಸ್ ದ ಸ್ಪೈಡರ್-ವರ್ಸ್ ನಮಗೆ ಇನ್ನೂ ಹತ್ತಿರ. ಮುಂಬಯಿಯನ್ನೂ ಮ್ಯಾನ್‌ಹಟನ್‌ನನ್ನೂ ಕಲಸಿ ಕಟ್ಟಿದ ಮುಂಬಾಟನ್ ಅನ್ನೋ ಊರು ಅದರಲ್ಲಿದೆ. ಅಲ್ಲಿನ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್. ಬಂದವರಿಗೆ ಊರು ತೋರಿಸುತ್ತಾ, ಇಲ್ಲಿ ಟ್ರಾಫಿಕ್, ಅಲ್ಲಿ ಟ್ರಾಫಿಕ್, ಅಲ್ಲೂ ಟ್ರಾಫಿಕ್ ಅಂತ ಹೋಗುತ್ತಾನೆ. ಮುಂಬಯಿ ಪಕ್ಕದ ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ದಿನಾ ನಿಲ್ಲುವವರಿಗೆ ಇದು ಬೇರೆಯೇ ಖುಷಿ. ಈ ಪವಿತ್ರ್ ಸಿನಿಮಾದವರು ಹುಟ್ಟಿಸಿದ ಪಾತ್ರ ಅಲ್ಲ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ಮಾಡಿದ ಕಾಮಿಕ್ಸ್‌ನ ಹುಡುಗ. ಆ ಪುಸ್ತಕದಲ್ಲಿ ಅವನು ಹಳ್ಳಿಯಿಂದ ಓದಲು ಮುಂಬಯಿಗೆ ಬಂದವನು. ಹಗಲು ಹೋಟೆಲ್‌ನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ತಲೆಮಾರು ನಮ್ಮ ಎಷ್ಟೋ ಮನೆಗಳಲ್ಲಿದೆ. ಅಜ್ಜನಿಗೆ ಈ ಹಿನ್ನೆಲೆ ಹೇಳಿ ಕೂರಿಸಿ, ಆಸಕ್ತಿ ತಾನಾಗೇ ಬರುತ್ತದೆ.

ಆ ಭಾಗ ಥಿಯೇಟರ್‌ಗೆ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂದಿತ್ತು. ಮನೆಯಲ್ಲಿ ಹಾಕುವಾಗ ಆಡಿಯೋ ಪಟ್ಟಿ ತೆರೆದು ಕನ್ನಡ ಇದೆಯಾ ಅಂತ ಮೊದಲು ನೋಡಿ, ಎಲ್ಲರನ್ನೂ ಕರೆದು ಕೂರಿಸಿದ ಮೇಲೆ ಹುಡುಕಬೇಡಿ.

ಇಷ್ಟೆಲ್ಲ ಇದ್ದೂ ಇಡೀ ಮನೆಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ. ಎರಡು ಕಾರಣ. ಬಣ್ಣ, ಬೆಳಕು ಒಂದೇ ಸಮ ಮಿನುಗುತ್ತದೆ, ಕಣ್ಣಿನ ಆಪರೇಶನ್ ಆದ ಹಿರಿಯರಿಗೆ ಬೇಗ ದಣಿವಾಗುತ್ತದೆ. ಮತ್ತೆ ಎರಡನೆಯ ಭಾಗ 140 ನಿಮಿಷ ಓಡಿ ನಟ್ಟನಡುವೆ ನಿಲ್ಲುತ್ತದೆ, ಕಥೆ ಮುಂದಿನ ಭಾಗಕ್ಕೆ ಹೋಗುತ್ತದೆ. ಇಷ್ಟು ಹೊತ್ತು ಕೂತದ್ದಕ್ಕೆ ಮುಗಿಯಲೇ ಇಲ್ವಲ್ಲ ಅಂತ ಅಜ್ಜಿ ಕೇಳಿದರೆ ಅವರದ್ದು ನ್ಯಾಯವಾದ ಮಾತೇ. ಮೊದಲ ಭಾಗಕ್ಕೆ ಆ ತೊಂದರೆ ಇಲ್ಲ. ಅಲ್ಲಿ ಚಿಕ್ಕಪ್ಪನ ಸಾವು ಮಾತ್ರ ನೆನಪಿರಲಿ.

ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್

2025ರಲ್ಲಿ ಬಂದದ್ದು, ಮ್ಯಾಟ್ ಶಾಕ್‌ಮನ್ ನಿರ್ದೇಶನ, ಎರಡು ಗಂಟೆಗೆ ಸ್ವಲ್ಪ ಕಡಿಮೆ. 1961ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಶುರು ಮಾಡಿದ ಕಾಮಿಕ್ಸ್. ಇಲ್ಲಿ ತಂಡ ಅಂದ್ರೆ ಒಂದು ಕುಟುಂಬ: ಗಂಡ, ಹೆಂಡತಿ, ಅವಳ ತಮ್ಮ, ಮನೆಯವನೇ ಆಗಿಹೋದ ಸ್ನೇಹಿತ. 1960ರ ದಶಕದ ಹಾಗೆ ಕಾಣುವ ಲೋಕ. ಮಾರ್ವೆಲ್‌ನ ಹಳೆಯ ಪಿಕ್ಚರ್ ಒಂದೂ ನೋಡಿರಬೇಕಾಗಿಲ್ಲ.

ಉಳಿದವಕ್ಕೆ ಹೋಲಿಸಿದರೆ ನಗು ಕಡಿಮೆ. ಆದರೆ ಕಥೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗ್ರಹಗಳನ್ನೇ ನುಂಗುವ ಹಸಿದ ದೈತ್ಯ ಬರುತ್ತಾನೆ. ಹುಟ್ಟಲಿರುವ ಮಗುವನ್ನು ಕೊಟ್ಟರೆ ಭೂಮಿಯನ್ನು ಬಿಡುತ್ತೇನೆ ಅನ್ನುತ್ತಾನೆ. ತಾಯಿ ಕೊಡುವುದಿಲ್ಲ. ಅತ್ತ ಹಸಿದ ಹುಲಿ, ಇತ್ತ ಕರು ಅಂತ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಈ ಸಂಕಟ ತಟ್ಟನೆ ಮುಟ್ಟುತ್ತದೆ. ಈ ಪಟ್ಟಿಯಲ್ಲಿ ಮಕ್ಕಳಿಗಿಂತ ಹಿರಿಯರಿಗೆ ಜಾಸ್ತಿ ಹಿಡಿಸುವುದು ಇದೊಂದೇ. ಬಾಹ್ಯಾಕಾಶ ನೌಕೆಯಲ್ಲಿ, ತೂಕವೇ ಇಲ್ಲದ ಜಾಗದಲ್ಲಿ, ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವಾಗ ಹೆರಿಗೆ ಆಗುವ ದೃಶ್ಯವಿದೆ. ಆಗ ಮಕ್ಕಳಿಂದ ಪ್ರಶ್ನೆಗಳು ಬಂದರೆ ಉತ್ತರ ಕೊಡಲು ತಯಾರಾಗಿರಿ. ಎಂಟಕ್ಕಿಂತ ಚಿಕ್ಕವರಿಗೆ ಆ ದೈತ್ಯ ಹೆದರಿಕೆ ತರಬಹುದು.

ಇನ್ನೆರಡು, ಬೇಗ ಬೇಗ

ಷಝಾಮ್, 2019, 132 ನಿಮಿಷ. ಅಮ್ಮನಿಂದ ದೂರವಾದ ಹದಿನಾಲ್ಕರ ಹುಡುಗ ಒಂದು ಮಂತ್ರ ಹೇಳಿದರೆ ದೊಡ್ಡವನಾಗಿ ಹಾರುತ್ತಾನೆ. ಸಾಕುಮನೆಯ ಆರು ಮಕ್ಕಳ ಒಡನಾಟ ತುಂಬ ಚೆನ್ನಾಗಿದೆ, ನಗುವೂ ಧಾರಾಳ. ಆದರೆ ತಂಡ ಅಂತ ಆಗುವುದು ಕೊನೆಯ ಭಾಗದಲ್ಲಿ ಮಾತ್ರ. ನಡುವೆ ಒಂದು ಮೀಟಿಂಗ್ ರೂಮಿನಲ್ಲಿ ರಾಕ್ಷಸರು ಜನರನ್ನು ಕೊಲ್ಲುವ ದೃಶ್ಯವಿದೆ, ಅದು ನಿಜವಾಗಿ ಭಯಂಕರ. ಪೋಸ್ಟರ್‌ನಲ್ಲಿ ಅದರ ಸುಳಿವೂ ಇಲ್ಲ. ಹನ್ನೆರಡು ದಾಟಿದವರಿಗೆ ಸರಿ.

ಟೀನ್ ಟೈಟನ್ಸ್ ಗೋ! ಟು ದ ಮೂವೀಸ್, 2018. ಇದು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಬ್ಯಾಟ್‌ಮ್ಯಾನ್‌ನ ಕಾರಿಗೂ ಸೊಂಟದ ಪಟ್ಟಿಗೂ ಸಿನಿಮಾ ಆಗುತ್ತಿದೆ, ನನಗೆ ಮಾತ್ರ ಯಾಕಿಲ್ಲ ಅಂತ ಅವನ ಜೊತೆಗಾರ ರಾಬಿನ್ ಅಳುವ ಕಥೆ. ಏಳರಿಂದ ಹತ್ತರವರೆಗಿನ ಮಕ್ಕಳು ಕುಣಿಯುತ್ತಾರೆ. ಕಕ್ಕ, ಹೂಸಿನ ಜೋಕು ಜಾಸ್ತಿ. ಬೇರೆ ಸೂಪರ್‌ಹೀರೋಗಳು ಗೊತ್ತಿಲ್ಲದವರಿಗೆ ಅರ್ಧ ತಮಾಷೆ ಮುಟ್ಟುವುದೇ ಇಲ್ಲ. ಮಕ್ಕಳಿಗೆ ಹಾಕಿಕೊಟ್ಟು ದೊಡ್ಡವರು ಚಹಾ ಕುಡಿಯಬಹುದಾದ ಪಿಕ್ಚರ್ ಇದು.

ಹದಿನಾಲ್ಕರ ಮಗ ಡೆಡ್‌ಪೂಲ್ ಅನ್ನುತ್ತಾನೆ, ಇಲ್ಲವೇ 2021ರ ದ ಸೂಸೈಡ್ ಸ್ಕ್ವಾಡ್ ಅನ್ನುತ್ತಾನೆ. ಅದೂ ಗಾರ್ಡಿಯನ್ಸ್ ಮಾಡಿದವರದ್ದೇ, ಅದರಲ್ಲೂ ಮಾತಾಡುವ ಶಾರ್ಕ್ ಇದೆ ಅಂತ ವಾದ ಮಾಡುತ್ತಾನೆ. ಅವನು ಹೇಳುವುದು ನಿಜ. ಆದರೆ ಆ ಶಾರ್ಕ್ ಮನುಷ್ಯರನ್ನು ತಿನ್ನುತ್ತದೆ, ತೋರಿಸಿಯೇ ತಿನ್ನುತ್ತದೆ. ರಕ್ತ, ಬೈಗುಳ ಎರಡಕ್ಕೂ ಲೆಕ್ಕವಿಲ್ಲ. ನಗಿಸುವ ಪಿಕ್ಚರ್ ಅಂದ್ರೆ ಮಕ್ಕಳ ಪಿಕ್ಚರ್ ಅಲ್ಲ. ಇದರಲ್ಲಿ ರಾಜಿ ಬೇಡ.

ದುಡ್ಡು, ದಾರಿ, ಸಮಯ

ಮೇಲಿನವೆಲ್ಲ ಥಿಯೇಟರ್ ದಾಟಿ ಬಂದವು, ಮನೆಯಲ್ಲೇ ನೋಡಬೇಕು. ಮಾರ್ವೆಲ್, ಡಿಸ್ನಿಯವು ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತವೆ. ಉಳಿದವು ಒಂದು ಕಡೆ ನಿಲ್ಲುವುದಿಲ್ಲ, ಬಾಡಿಗೆಗೆ ಸಿಕ್ಕರೆ ಒಂದು ಪಿಕ್ಚರ್‌ಗಾಗಿ ವರ್ಷದ ಚಂದಾ ಕಟ್ಟುವುದಕ್ಕಿಂತ ಅದೇ ವಾಸಿ. ಕನ್ನಡ ಸಂಘದ ಹಾಲ್‌ನಲ್ಲಿ ಪ್ರೊಜೆಕ್ಟರ್ ಇಟ್ಟು ಮಕ್ಕಳಿಗೆ ತೋರಿಸೋಣ ಅಂತ ಯೋಚನೆ ಇದ್ದರೆ ಒಂದು ಮಾತು: ಮನೆಯ ಚಂದಾ ಮನೆಯ ಬಳಕೆಗೆ ಮಾತ್ರ. ಸಾರ್ವಜನಿಕವಾಗಿ ತೋರಿಸಲು ಬೇರೆ ಅನುಮತಿ ಪಡೆಯಬೇಕು.

ಹೊಸದೊಂದು ತಂಡದ ಪಿಕ್ಚರ್ ಬಂದಾಗ ಥಿಯೇಟರ್‌ಗೆ ಹೋಗಬೇಕಾ? ದೊಡ್ಡ ಪರದೆಯ ಆಸೆಗೆ ಚರ್ಚ್‌ಗೇಟ್‌ನ ಇರೋಸ್ ಇದೆ. 1938ರ ಆ ಚೆಂದದ ಕಟ್ಟಡದಲ್ಲಿ 2024ರಿಂದ ಐಮ್ಯಾಕ್ಸ್ ನಡೆಯುತ್ತಿದೆ. ವಡಾಲಾದಲ್ಲೂ ಐಮ್ಯಾಕ್ಸ್ ಇದೆ. ಆದರೆ ನೀವು ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇದ್ದರೆ ಭಾನುವಾರ ಹೊರಡುವ ಮೊದಲು ಮೆಗಾಬ್ಲಾಕ್, ಅಂದ್ರೆ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು, ಇದೆಯಾ ಅಂತ ನೋಡಿಕೊಳ್ಳಿ. ಎರಡೂವರೆ ಗಂಟೆಯ ಪಿಕ್ಚರ್‌ಗೆ ಹೋಗಿ ಬರುವುದೇ ನಾಲ್ಕು ಗಂಟೆ ಆದರೆ ಚಿಕ್ಕವರೂ ಹಿರಿಯರೂ ಇಬ್ಬರೂ ಸುಸ್ತು. ನನ್ನ ಸಲಹೆ, ಐಮ್ಯಾಕ್ಸ್‌ಗೆ ದೊಡ್ಡ ಮಗನನ್ನು ಮಾತ್ರ ಕರೆದುಕೊಂಡು ಹೋಗಿ. ಇಡೀ ಕುಟುಂಬಕ್ಕೆ ಹತ್ತಿರದ ಮಲ್ಟಿಪ್ಲೆಕ್ಸ್‌ನ ಬೆಳಗಿನ ಶೋ ಸಾಕು, ದರವೂ ಇಳಿದಿರುತ್ತದೆ. ರಜೆಯಲ್ಲಿ ವಾರದ ನಡುವೆ ಹೋದರೆ ಇನ್ನೂ ಉಳಿತಾಯ. ಟಿಕೆಟ್ ತೆಗೆಯುವಾಗ ಹಿಂದಿ ಶೋನೋ ಇಂಗ್ಲಿಷ್ ಶೋನೋ ಅಂತ ಎರಡು ಸಲ ನೋಡಿ. ಅಜ್ಜಿ ಜೊತೆಗಿದ್ದರೆ ಹಿಂದಿಯೇ ಇರಲಿ.

ಹಾಗಾದರೆ ಆ ದೀಪಾವಳಿಯ ಮನೆಗೆ ಏನು? ಎಂಟರವಳು, ಹದಿನಾಲ್ಕರವನು, ಅಜ್ಜಿ ಮೂವರೂ ಇದ್ದರೆ ಗಾರ್ಡಿಯನ್ಸ್ ಮೊದಲ ಭಾಗ, ಹಿಂದಿಯಲ್ಲಿ. ಎಲ್ಲರೂ ಏಳರ ಒಳಗಿನವರಾದರೆ ಬಿಗ್ ಹೀರೋ 6. ಹಿರಿಯರೇ ಜಾಸ್ತಿ ಇದ್ದರೆ ಫೆಂಟಾಸ್ಟಿಕ್ ಫೋರ್. ಮಗನೂ ಅವನ ಸ್ನೇಹಿತರೂ ಮಾತ್ರ ಇದ್ದರೆ ಸ್ಪೈಡರ್-ವರ್ಸ್ ಎರಡೂ ಭಾಗ ಹಾಕಿಕೊಟ್ಟು ಬಾಗಿಲು ಮುಚ್ಚಿಕೊಳ್ಳಿ.

ಪಿಕ್ಚರ್ ಮುಗಿದ ಮೇಲೆ ಮಕ್ಕಳು ಪುಸ್ತಕ ಕೇಳಿದರೆ ಖಂಡಿತ ಕೊಡಿಸಿ. ಅಜ್ಜನೂ ಸೇರಿಕೊಳ್ಳಬಹುದು. 1964ರಲ್ಲಿ ಮುಂಬಯಿಯಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು, ಫ್ಯಾಂಟಮ್ ಓದಿ ಬೆಳೆದವರು ನಮ್ಮಲ್ಲಿ ಬಹಳ. 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ಅವರೂ ಕಾರ್ಕಳದಿಂದ ಮುಂಬಯಿಗೆ ಬಂದವರೇ. ಹೊಸ ಕಾಮಿಕ್ಸ್ ದುಬಾರಿ. ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆಯ ಪುಸ್ತಕದವರ ಹತ್ತಿರ ಮೊದಲು ಕೇಳಿ ನೋಡಿ. ಒಂದೇ ಎಚ್ಚರ: ತೆಳ್ಳಗಿನ ಸಂಚಿಕೆ ಸಿಕ್ಕರೆ ಅದು ಕಥೆಯ ನಡುವಿನ ತುಂಡಾಗಿರುತ್ತದೆ, ಮುಂದಿನದ್ದು ಅಲ್ಲೇ ಸಿಗುವುದು ಕಷ್ಟ. ಹಲವು ಸಂಚಿಕೆ ಒಟ್ಟಿಗೆ ಕಟ್ಟಿದ ದಪ್ಪ ಪುಸ್ತಕವನ್ನೇ ಕೇಳಿ ತೆಗೆದುಕೊಳ್ಳಿ.